ಕರಗದ ಕೆಂಪು ಬಲೂನು

ಮದುವೆಯ ಸಂಭ್ರಮದಲ್ಲಿ ಜನ ಆಕಾಶಕ್ಕೆ ಹಾರಿಬಿಟ್ಟ ಕೆಂಪು ಬಲೂನೊಂದು ಮೋಡದ ಹತ್ತಿರ ಒಡೆದು, ಚಿಂದಿಯಾಗಿ ಕಡಲಿಗೆ ಬಿತ್ತು. ಹಸಿದ ಕಡಲಾಮೆಯೊಂದು ಬಾಯಿ ತೆರೆದು ಅದರತ್ತ ಈಜಿ ಬಂದಿತು.

“ತಿನ್ನಬೇಡ ತಾಯಿ, ನಾನು ನೀನು ತಿನ್ನುವ ಲೋಳೆಮೀನಲ್ಲ!” ಎಂದು ಬಲೂನು ಕೂಗಿಕೊಂಡಿತು.

“ಸುಳ್ಳಾಡಬೇಡ. ಹೀಗೆ ತೇಲುವುದನ್ನು ತಿಂದೇ ನಮ್ಮ ವಂಶ ಬದುಕಿದೆ. ಕಡಲು ನಮಗೆಂದೂ ಮೋಸ ಮಾಡಿಲ್ಲ” ಎಂದು ಆಮೆ ಅದನ್ನು ನುಂಗಿತು.

ಬಲೂನು ಗಂಟಲಲ್ಲೇ ಸಿಕ್ಕಿಕೊಂಡಿತು. “ಉಗುಳು ತಾಯಿ, ಉಗುಳಿಬಿಡು!” ಎಂದು ಅಂಗಲಾಚಿತು. ಆಮೆ ಒದ್ದಾಡಿತು, ಉಗುಳಲಾಗಲಿಲ್ಲ. ಕೊನೆಗೆ ಅದರ ಉಸಿರೇ ನಿಂತಿತು.

“ಅಯ್ಯೋ, ನನ್ನಿಂದ ಒಂದು ಜೀವ ಹೋಯಿತೇ!” ಎಂದು ಬಲೂನು ದಂಗಾಯಿತು.

ದಿನ ಕಳೆದಂತೆ ಆಮೆಯ ಮೈ ಕೊಳೆತು ನೀರಿನಲ್ಲಿ ಕರಗಿತು. ಬಲೂನು ಮಾತ್ರ ಕರಗದೆ ಮತ್ತೆ ಮೇಲೆದ್ದು ತೇಲಿತು. ದೂರದಿಂದ ಮರಿಯಾಮೆಯೊಂದು ಅದನ್ನು ಕಂಡು ಆಸೆಯಿಂದ ಈಜಿ ಬರುತ್ತಿತ್ತು.