ಹದ್ದಿನಕಲ್ಲಿನ ಸಾತು ಗೆರೆ

ಇದು ಬಹಳ ಹಿಂದಿನ ಮಾತು. ಎಷ್ಟು ಹಿಂದೆ ಅಂತ ನನ್ನ ಅಜ್ಜಿಯನ್ನ ಕೇಳಿದರೆ, ಅವಳೂ ತನ್ನ ಅಜ್ಜಿಯನ್ನ ಕೇಳಬೇಕು ಅನ್ನುತ್ತಿದ್ದಳು. ಸಮುದ್ರದ ನಡುವೆ ಒಂದೂರು ಇತ್ತು. ಊರಂದರೆ ಒಂದು ನಡುಗಡ್ಡೆ, ನಡುಗಡ್ಡೆ ಅಂದರೆ ಒಂದು ಗುಡ್ಡ. ಅದಕ್ಕೆ ಹದ್ದಿನಕಲ್ಲು ಅಂತ ಹೆಸರು. ಈಗ ನೀವು ದಪ್ಪ ಟೈರಿನ ಸೈಕಲ್‌ಗಳನ್ನ ಒರಗಿಸಿ ಬೆವರು ಒರೆಸಿಕೊಳ್ಳುತ್ತಾ ಕೂತಿದ್ದೀರಲ್ಲ, ಇದೇ ಗುಡ್ಡ. ದಾರಿ ಯಾರು ಮಾಡಿದ್ದು ಅಂತ ಕೇಳಿದಿರಿ. ಹೇಳ್ತೇನೆ, ಕೇಳಿ.

ಆಗ ಇಲ್ಲಿ ಎರಡು ಕೇರಿ ಇದ್ದವು. ಮೂಡಣ ಮಗ್ಗುಲಲ್ಲಿ ಮೂಡುಕೇರಿ, ದೋಣಿ ನಿಲ್ಲುವ ಧಕ್ಕೆ, ಸಿಹಿನೀರಿನ ಬಾವಿ, ಎಲ್ಲಾ ಅಲ್ಲಿ. ಪಡುವಣ ಮಗ್ಗುಲಲ್ಲಿ ಪಡುಕೇರಿ, ತೆರೆದ ಕಡಲಿಗೆ ಎದೆ ಕೊಟ್ಟು ನಿಂತದ್ದು. ನಡುವೆ ಈ ಗುಡ್ಡ. ಬೇಸಿಗೆಯಲ್ಲಿ ದೋಣಿ ಹತ್ತಿ ಸುತ್ತಿ ಬರಬಹುದಿತ್ತು. ಮಳೆಗಾಲ ಹಿಡಿಯಿತೋ, ಮೂಲೆಯ ಬಂಡೆಗಳ ಹತ್ತಿರ ಕಡಲು ದೋಣಿಯನ್ನ ತೆಂಗಿನಕಾಯಿ ಒಡೆದ ಹಾಗೆ ಒಡೆಯುತ್ತಿತ್ತು. ಇದ್ದದ್ದು ಕತ್ತರಿಕಲ್ಲಿನ ಏರು ಒಂದೇ. ಅಲ್ಲಿ ಎರಡು ಬಂಡೆಗಳ ಸಂದಿಯಲ್ಲಿ ಹಗ್ಗ ಹಿಡಿದು ಹತ್ತಬೇಕು. ಪಾಚಿ ಕಟ್ಟಿದ ಮೇಲೆ ಆಡು ಕೂಡ ಅಲ್ಲಿ ಕಾಲಿಡುತ್ತಿರಲಿಲ್ಲವಂತೆ. ಹಾಗಾಗಿ ಮಳೆಗಾಲ ಬಂದರೆ ಪಡುಕೇರಿಯವರು ಬದುಕಿದ್ದಾರೋ ಇಲ್ಲವೋ ಮೂಡುಕೇರಿಯವರಿಗೆ ತಿಳಿಯದು. ಪಡುಕೇರಿಗೆ ಹೆಣ್ಣು ಕೊಡಲು ಯಾರೂ ಒಪ್ಪುತ್ತಿರಲಿಲ್ಲ.

ಆದರೂ ಹಾಗೆ ಬಂದ ಹೆಣ್ಣು ಸಾತು. ಮೂಡುಕೇರಿಯಲ್ಲಿ ಮೀನು ಹಿಡಿಯುವ ಹರಿಕಂತ್ರರ ಮನೆಯವಳು, ಪಡುಕೇರಿಯ ದೇವುವನ್ನ ಮದುವೆಯಾಗಿ ಬಂದಳು. ದೇವು ಬಲೆ ಹೆಣೆಯುವವನು, ಮಾತು ಕಡಿಮೆ, ನಗು ಜಾಸ್ತಿ. ಅವನನ್ನ ಬೇಸಿಗೆಯ ಧಕ್ಕೆಯಲ್ಲಿ ನೋಡಿ ಇವಳೇ ಒಪ್ಪಿದ್ದು ಅಂತಾರೆ.

ಮದುವೆಯಾದ ವರ್ಷವೇ ಮಳೆಗಾಲದಲ್ಲಿ ಸಾತುವಿನ ಅವ್ವ ಕಾಯಿಲೆ ಬಿದ್ದಳು. ಮಗಳನ್ನ ಕರೆಯಿರಿ, ಕರೆಯಿರಿ ಅಂತ ಹಂಬಲಿಸಿದಳು. ಕರೆಯಲು ಹೊರಟವರು ಕತ್ತರಿಕಲ್ಲಿನಿಂದ ವಾಪಸ್ ಬಂದರು. ಸುದ್ದಿ ಸಾತುವಿಗೆ ತಲುಪುವಾಗ ಮಳೆ ನಿಂತಿತ್ತು, ಬೂದಿಯೂ ನೀರಲ್ಲಿ ಹೋಗಿತ್ತು. ಸಾತು ಅಳಲಿಲ್ಲವಂತೆ. ಅಂಗಳಕ್ಕೆ ಬಂದು ಗುಡ್ಡವನ್ನ ನೋಡುತ್ತಾ ನಿಂತಳಂತೆ. ಅತ್ತೆ ಊಟಕ್ಕೆ ಕರೆದರೂ ಹೋಗಲಿಲ್ಲ, ದೇವು ಬಂದು ಹೆಗಲ ಮೇಲೆ ಕೈಯಿಟ್ಟರೂ ಕದಲಲಿಲ್ಲ.

“ಏನು ನೋಡ್ತಾ ಇದ್ದೀ?” ಅಂತ ದೇವು ಕೇಳಿದ.

“ಇಷ್ಟು ದೊಡ್ಡ ಗುಡ್ಡ. ಒಂದು ಕಡೆಯಾದರೂ ಬಿಟ್ಟುಕೊಡದೆ ಇರ್ತದಾ ಅಂತ ನೋಡ್ತಾ ಇದ್ದೇನೆ” ಅಂದಳಂತೆ.

ಆಮೇಲೆ ಸೈಕಲ್ ಬಂತು. ಹೇಗೆ ಬಂತು ಅನ್ನುವುದಕ್ಕೆ ಎರಡು ಕತೆ ಇವೆ. ಒಡೆದ ಹಡಗಿನಿಂದ ತೇಲಿ ಬಂದು, ತೆರೆ ಅದನ್ನ ಸಾತುವಿನ ಕಾಲಬುಡಕ್ಕೇ ತಂದು ನಿಲ್ಲಿಸಿತು ಅಂತಾರೆ. ಕಬ್ಬಿಣ ತೇಲುತ್ತದಾ ಅಂತ ನೀವು ಕೇಳಬಹುದು. ನಾನೂ ಕೇಳಿದ್ದೆ, ಬೈಸಿಕೊಂಡೆ. ಇನ್ನೊಂದು ಕತೆಯಲ್ಲಿ, ಆಚೆ ದಡದ ಕಮ್ಮಾರನಿಗೆ ದೇವು ಹೊಸ ಬಲೆ ಹೆಣೆದುಕೊಟ್ಟು, ಬದಲಿಗೆ ಮೂಲೆಗೆ ಬಿದ್ದಿದ್ದ ಸೈಕಲ್ ತಂದ. ಹೆಂಡತಿ ಮೀನಿನ ಬುಟ್ಟಿ ಹೊತ್ತು ತಲೆ ಸವೆಸುವುದು ಬೇಡ ಅಂತ ತಂದದ್ದು, ಅಷ್ಟೆ.

ಇಳಿತದ ಹೊತ್ತಿಗೆ ಮರಳು ಗಟ್ಟಿಯಾಗಿರುತ್ತದಲ್ಲ, ಅಲ್ಲಿ ಸಾತು ಕಲಿತಳು. ಬಿದ್ದಳು, ಎದ್ದಳು, ಮತ್ತೆ ಬಿದ್ದಳು. ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಒಂದು ದಿನ ಬೀಳದೆ ಆ ತುದಿಯಿಂದ ಈ ತುದಿಗೆ ಬಂದಳು. ಬಂದವಳು ನಿಲ್ಲಿಸಲಿಲ್ಲ. ಸೈಕಲ್ಲಿನ ಮೂತಿಯನ್ನ ಗುಡ್ಡದ ಕಡೆ ತಿರುಗಿಸಿದಳು.

ಗುಡ್ಡದಲ್ಲಿ ಸೈಕಲ್! ಹುಚ್ಚು ಹಿಡಿದಿದೆ ಅಂದರು. ಆದರೆ ಸಾತು ಹತ್ತಲು ಹೋಗಲಿಲ್ಲ, ಕೇಳಲು ಹೋದಳು ಅಂತಾರೆ. ಗಾಲಿ ಎಲ್ಲಿ ತಾನಾಗಿ ಉರುಳುತ್ತದೋ ಅಲ್ಲಿ ದಾರಿ, ಎಲ್ಲಿ ಹಟ ಹಿಡಿಯುತ್ತದೋ ಅಲ್ಲಿ ದಾರಿಯಲ್ಲ. ಹಾಗೆ ತಳ್ಳಿಕೊಂಡು ಹೋಗುವಳು. ಹಟ ಹಿಡಿದ ಕಡೆ ಹಿಂದೆ ಬಂದು, ಬಂಡೆಯ ಇನ್ನೊಂದು ಮಗ್ಗುಲಿಂದ ಕೇಳುವಳು. ಗುಡ್ಡದ ಮೈಗೆ ಅಡ್ಡಡ್ಡವಾಗಿ, ಹಾವು ಹರಿದ ಹಾಗೆ, ಒಂದು ಗೆರೆ ಮೂಡಿತು. ಕಲ್ಲು ಸಿಕ್ಕರೆ ಎತ್ತಿ ಪಕ್ಕಕ್ಕೆ ಪೇರಿಸಿದಳು. ನೀರು ಹರಿಯುವ ಕಡೆ ಚಪ್ಪಡಿ ಹಾಸಿದಳು. ಕೆಂಪು ಮಣ್ಣು ಮಳೆಗೆ ಜಾರುತ್ತದೆ ಅಂತ ಟೈರಿಗೆ ತೆಂಗಿನ ನಾರಿನ ಹಗ್ಗ ಸುತ್ತಿದಳು. ಇಳಿಜಾರಿನಲ್ಲಿ ಬ್ರೇಕ್ ಸಾಲದು ಅಂತ ಹಿಂದೆ ಸೊಪ್ಪಿನ ಹೊರೆ ಕಟ್ಟಿ ಎಳೆದುಕೊಂಡು ಬಂದಳು. ದೂರದಿಂದ ನೋಡಿದವರಿಗೆ ಧೂಳೆಬ್ಬಿಸುತ್ತಾ ಒಂದು ಪೊದೆಯೇ ಗುಡ್ಡ ಇಳಿದು ಬರುವ ಹಾಗೆ ಕಾಣುತ್ತಿತ್ತಂತೆ.

ಗೆರೆ ಗುಡ್ಡದ ನೆತ್ತಿ ಮುಟ್ಟಿದಾಗ ಮೂಡುಕೇರಿಯಲ್ಲಿ ಗದ್ದಲವಾಯಿತು. ಅಲ್ಲಿ ಯಜಮಾನಿಕೆ ಬೀರಪ್ಪ ತಾಂಡೇಲನದು. ತಾಂಡೇಲ ಅಂದರೆ ದೋಣಿಗಳ ಮುಖಂಡ. ಅವನ ಮಾತಿಲ್ಲದೆ ಒಂದು ಹಾಯಿ ಏಳುತ್ತಿರಲಿಲ್ಲ. ನೆತ್ತಿಯ ಮೇಲೆ ಊರು ಕಾಯುವ ನಮ್ಮ ಜಟಕದೇವರ ಕಲ್ಲಿದೆ, ಅದರ ಮಗ್ಗುಲಲ್ಲಿ ಗಾಲಿ ಉರುಳಿದರೆ ದೇವರು ಮುನಿಯುತ್ತಾನೆ ಅಂತ ತಾಂಡೇಲ ಹೇಳಿ ಕಳಿಸಿದ.

ಸಾತು ಜಗಳಕ್ಕೆ ಹೋಗಲಿಲ್ಲ. ಒಂದು ಹಿಡಿ ಕೇಪಳ ಹೂವು ಕೊಯ್ದು ನೆತ್ತಿಗೆ ಹೋದಳು. ಹೂವನ್ನ ಕಲ್ಲಿನ ಮೇಲಿಟ್ಟು, “ಜಟಕಪ್ಪಾ, ನಾನು ತವರಿಗೆ ಹೋಗಬೇಕು. ನಿನಗೆ ಸಿಟ್ಟಿದ್ದರೆ ಈಗಲೇ ನನ್ನ ಗಾಲಿಯ ಗಾಳಿ ತೆಗೆದುಬಿಡು, ಇಲ್ಲಿಂದಲೇ ತಿರುಗಿ ಹೋಗ್ತೇನೆ” ಅಂದಳಂತೆ. ಅಂದು ಕಾದಳು. ಗಾಳಿ ಹೋಗಲಿಲ್ಲ. ಆ ಮಗ್ಗುಲಲ್ಲೂ ಹಾಗೇ ಗೆರೆ ಎಳೆಯುತ್ತಾ ಮೂಡುಕೇರಿಯ ಕಡೆಗೆ ಗಾಲಿ ಬಿಟ್ಟಳು. ಅಂದಿನಿಂದ ಈ ಗುಡ್ಡದಲ್ಲಿ ಯಾರ ಸೈಕಲ್ಲೂ ಪಂಕ್ಚರ್ ಆಗಿಲ್ಲ ಅಂತಾರೆ. ಆಗಿವೆ. ನಾನೇ ಅಂಟು ಹಚ್ಚಿ ಕೊಟ್ಟಿದ್ದೇನೆ. ಆದರೆ ಸಾತುವಿನದು ಆಗಿರಲಿಲ್ಲ.

ಮೊದಲ ಸಲ ಮೂಡುಕೇರಿಗೆ ಅವಳು ಇಳಿದು ಬಂದಾಗ ಬುಟ್ಟಿಯಲ್ಲಿದ್ದ ಬಂಗುಡೆ ಇನ್ನೂ ಹೊಳೆಯುತ್ತಿತ್ತಂತೆ. ತವರಿನ ಅಂಗಳದಲ್ಲಿ ಸೈಕಲ್ ನಿಲ್ಲಿಸಿ, ಅವ್ವ ಮಲಗುತ್ತಿದ್ದ ಮೂಲೆಗೆ ಹೋಗಿ ಕೂತಳು. ಆಗ ಅತ್ತಳು. ಮನಸಾರೆ ಅತ್ತು, ಮುಖ ತೊಳೆದು, ಅಣ್ಣಂದಿರಿಗೆ ಮೀನು ಸಾರು ಮಾಡಿಟ್ಟು ವಾಪಸ್ ಹೋದಳು. ತಾಂಡೇಲ ಮಾತ್ರ ಮುಖ ತಿರುಗಿಸಿದ. ನಮ್ಮವರು ಯಾರೂ ಆ ಗೆರೆ ತುಳಿಯಬಾರದು ಅಂತ ಕಟ್ಟುಮಾಡಿದ. ಯಾರೂ ತುಳಿಯಲಿಲ್ಲ.

ಹೀಗಿರುವಾಗ ಒಂದು ಆಷಾಢ ಬಂತು. ಅಂಥ ಆಷಾಢ ಹಿಂದೆ ಬಂದಿರಲಿಲ್ಲ ಅಂತಾರೆ. ಪಡುಕೇರಿಯನ್ನ ಕಡಲಿನಿಂದ ಕಾಯುತ್ತಿದ್ದದ್ದು ಒಂದು ಮಣ್ಣಿನ ಕಟ್ಟೆ. ಅಮಾವಾಸ್ಯೆಯ ಬೆಳಿಗ್ಗೆ ನೋಡಿದರೆ ಕಟ್ಟೆಯ ನಡು ಬಿರುಕು ಬಿಟ್ಟು ಕೆಸರು ಕಕ್ಕುತ್ತಿದೆ. ಮಧ್ಯಾಹ್ನಕ್ಕೆ ದೊಡ್ಡ ಉಬ್ಬರ. ಕೇರಿಯಲ್ಲಿ ಕೈ ಆಡಿಸುವವರು ಕೆಲವೇ ಮಂದಿ. ಮುದುಕರು, ಬಾಣಂತಿಯರು, ದನಕರು, ಯಾರನ್ನ ಎತ್ತಿಕೊಂಡು ಎಲ್ಲಿಗೆ ಓಡುವುದು? ಹಿಂದೆ ಗುಡ್ಡ, ಮುಂದೆ ಕಡಲು.

ದೇವು ಮಣ್ಣು ಮೆತ್ತುತ್ತಾ ಹೆಂಡತಿಯ ಮುಖ ನೋಡಿದ. ಸಾತು ಸೀರೆ ಕಚ್ಚೆ ಹಾಕಿ ಸೈಕಲ್ ಹತ್ತಿದಳು.

ಗುಡ್ಡದಲ್ಲಿ ಮಂಜು. ಮುಂದಿನ ಗಾಲಿ ಕಾಣದಷ್ಟು ಮಂಜು. ಅವಳು ಕಣ್ಣು ಮುಚ್ಚಿಕೊಂಡೇ ಹೋದಳು ಅಂತಾರೆ. ಯಾವ ತಿರುವಿನಲ್ಲಿ ಎಷ್ಟು ವಾಲಬೇಕು ಅಂತ ಮೈಗೇ ಗೊತ್ತಿತ್ತು. ಹದ್ದೊಂದು ಮುಂದೆ ಮುಂದೆ ಹಾರಿ ದಾರಿ ತೋರಿಸಿತು ಅಂತಲೂ ಅಂತಾರೆ. ಇರಲಿ, ಹದ್ದಿಗೂ ಒಂದು ಪಾಲು ಕೊಡೋಣ.

ಮೂಡುಕೇರಿಯ ಧಕ್ಕೆಯಲ್ಲಿ ಗಂಡಸರೆಲ್ಲ ದೋಣಿಗಳನ್ನ ಮೇಲೆಳೆದು ಕಟ್ಟುತ್ತಿದ್ದರು. ಮೈಯೆಲ್ಲ ಕೆಂಪು ಕೆಸರಾದ ಹೆಂಗಸೊಬ್ಬಳು ಸೈಕಲ್ ಗಂಟೆ ಬಾರಿಸುತ್ತಾ ನಡುವೆ ನುಗ್ಗಿದಳು. ವಿಷಯ ಕೇಳಿ ತಾಂಡೇಲನ ಮುಖ ಕಪ್ಪಿಟ್ಟಿತು. ಎಷ್ಟೆಂದರೂ ಅವನು ಕಡಲು ಕಂಡವನು. ಅಮಾವಾಸ್ಯೆಯ ಉಬ್ಬರ ಏನು ಮಾಡುತ್ತದೆ ಅಂತ ಯಾರೂ ಹೇಳಬೇಕಿರಲಿಲ್ಲ.

“ತಂಗೀ, ಕತ್ತರಿಕಲ್ಲು ಹತ್ತಿ ನಾವು ಬರುವಷ್ಟರಲ್ಲಿ ನಿಮ್ಮ ಕೇರಿ ಇರೋದಿಲ್ಲ” ಅಂದ.

“ನಿಮ್ಮ ದಾರಿಯಲ್ಲಿ ಬಂದರೆ ಇರೋದಿಲ್ಲ. ನನ್ನ ದಾರಿಯಲ್ಲಿ ಬನ್ನಿ ತಾಂಡೇಲರೇ” ಅಂದಳು ಸಾತು. “ಹೊರೆ ಹೊತ್ತೇ ಬರಬಹುದು. ಜಟಕಪ್ಪ ನನ್ನನ್ನ ಬಿಟ್ಟಿದ್ದಾನೆ, ನಿಮ್ಮನ್ನ ತಡೀತಾನಾ?”

ಎಲ್ಲರೂ ತಾಂಡೇಲನ ಮುಖ ನೋಡಿದರು. ತಾಂಡೇಲ ಕಡಲ ಕಡೆ ನೋಡಿದ, ಗುಡ್ಡದ ಕಡೆ ನೋಡಿದ. ಆಮೇಲೆ ತಲೆಯ ಮುಂಡಾಸು ಬಿಚ್ಚಿ ಸೊಂಟಕ್ಕೆ ಕಟ್ಟಿದ.

“ಹಳೇ ಬಲೆ ಎಷ್ಟಿವೆಯೋ ಎಲ್ಲಾ ತನ್ನಿ. ಹಗ್ಗ ತನ್ನಿ, ಗುದ್ದಲಿ ತನ್ನಿ. ಸಾತು ಮುಂದೆ, ನಾನು ಅವಳ ಹಿಂದೆ” ಅಂದ.

ಹಾಗೆ ಮೂಡುಕೇರಿಗೆ ಮೂಡುಕೇರಿಯೇ ಗುಡ್ಡ ಹತ್ತಿತು. ಹೆಂಗಸರೂ ಬಂದರು. ಮಂಜಿನಲ್ಲಿ ಮುಂದಿನವನ ಬೆನ್ನು ಕಾಣುತ್ತಿರಲಿಲ್ಲ, ಆದರೆ ಕಾಲಡಿಯಲ್ಲಿ ಸಾತುವಿನ ಗಾಲಿಯ ಗೆರೆ ಕಾಣುತ್ತಿತ್ತು. ನಾರಿನ ಹಗ್ಗ ಒತ್ತಿದ ಗುರುತು, ಜಡೆ ಹೆಣೆದ ಹಾಗೆ, ಕೆಂಪು ಮಣ್ಣಿನಲ್ಲಿ ಸಾಲಾಗಿ. ಅದನ್ನೇ ನೋಡುತ್ತಾ ನಡೆದರು. ಸಾತು ಮುಂದೆ ಹೋಗುವಳು, ತಿರುಗಿ ಬರುವಳು, ಹಿಂದೆ ಉಳಿದವರ ಹೊರೆ ಕ್ಯಾರಿಯರಿಗೆ ಹೇರಿಕೊಂಡು ಮತ್ತೆ ಮುಂದೆ ಹೋಗುವಳು. ಮಗ್ಗದಲ್ಲಿ ಲಾಳಿ ಓಡಾಡಿದ ಹಾಗೆ ಓಡಾಡಿದಳು ಅಂತಾರೆ. ಯಾರೂ ಜಾರಲಿಲ್ಲ, ಯಾರೂ ದಾರಿ ತಪ್ಪಲಿಲ್ಲ.

ಪಡುವಣ ಮಗ್ಗುಲಲ್ಲಿ ಮಂಜಿನಿಂದ ಕೆಳಗಿಳಿದು ನೋಡಿದಾಗ ಕಟ್ಟೆ ಇನ್ನೂ ನಿಂತಿತ್ತು, ಆದರೆ ನಡು ಕುಸಿಯುತ್ತಿತ್ತು. ದೇವು ಮತ್ತೆ ಕೆಲವರು ಎದೆಮಟ್ಟ ನೀರಿನಲ್ಲಿ ನಿಂತು ಬೆನ್ನು ಕೊಟ್ಟಿದ್ದರು. ಕಲ್ಲು ಬೇಕು, ಕಲ್ಲೆಲ್ಲಿ? ಕಲ್ಲು ದಾರಿಯುದ್ದಕ್ಕೂ ಇತ್ತು. ಗಾಲಿಗೆ ಅಡ್ಡ ಬಂದದ್ದನ್ನೆಲ್ಲ ಸಾತು ಪಕ್ಕಕ್ಕೆ ಪೇರಿಸಿಟ್ಟಿದ್ದಳಲ್ಲ! ಕೈಯಿಂದ ಕೈಗೆ ಕಲ್ಲು ಇಳಿದವು. ಹಳೇ ಬಲೆಗಳನ್ನ ಹಾಸಿ, ಅದರೊಳಗೆ ಕಲ್ಲು ತುಂಬಿ, ಬಾಯಿ ಹೊಲಿದು, ಬಿರುಕಿಗೆ ಉರುಳಿಸಿದರು. ಒಂದು ಹೋಯಿತು, ಇನ್ನೊಂದು ಹೋಯಿತು, ಮತ್ತೊಂದು ನಿಂತಿತು. ನಿಂತದ್ದರ ಮೇಲೆ ಇನ್ನೊಂದು. ತಾಂಡೇಲ ನೀರಿಗಿಳಿದು ದೋಣಿ ಹುಟ್ಟು ಹಾಕುವಾಗಿನ ಹಾಗೆ ಕೂಗು ಹಾಕಿದ, ಎರಡೂ ಕೇರಿಯವರು ಒಂದೇ ಉಸಿರಿಗೆ ಎತ್ತಿದರು.

ಉಬ್ಬರ ಬಂತು. ಬಂದು ಕಟ್ಟೆಯ ತಲೆ ಮುಟ್ಟಿತು. ಮುಟ್ಟಿ ಅಲ್ಲೇ ನಿಂತಿತು. ಒಂದು ತೆರೆ ಮೇಲೇರಿ ಎಲ್ಲರ ಮುಖಕ್ಕೆ ಉಪ್ಪು ನೀರು ಎರಚಿ ಹಿಂದೆ ಸರಿಯಿತು. ಆಮೇಲಿನದು ಅದಕ್ಕಿಂತ ಕೆಳಗೆ ಬಂತು. ಅದರ ಆಮೇಲಿನದು ಇನ್ನೂ ಕೆಳಗೆ. ಆಗ ಎದ್ದ ಬೊಬ್ಬೆ ಆಚೆ ದಡಕ್ಕೂ ಕೇಳಿಸಿತಂತೆ.

ತಾಂಡೇಲ ಸಾತುವಿನ ಮುಂದೆ ಬಂದು ನಿಂತ. ತಪ್ಪಾಯಿತು ಅಂತ ಅವನ ಬಾಯಿಂದ ಬರಲಿಲ್ಲ, ಅಂಥ ಮಾತು ಅವನಿಗೆ ಬರುತ್ತಿರಲಿಲ್ಲ. “ನನ್ನ ಮಗಳು ದೊಡ್ಡವಳಾಗಿದ್ದಾಳೆ. ನಿಮ್ಮ ಕೇರಿಯಲ್ಲಿ ಒಳ್ಳೇ ಹುಡುಗ ಇದ್ದರೆ ಹೇಳು” ಅಂದ. ದೀಪಾವಳಿ ಕಳೆದ ಮೇಲೆ ಆ ಮದುವೆ ಆಯಿತು. ಮದುಮಗಳು ಬಾಸಿಂಗ ಕಟ್ಟಿಕೊಂಡು ಸಾತುವಿನ ಕ್ಯಾರಿಯರ್ ಮೇಲೆ ಕೂತು ಗುಡ್ಡ ದಾಟಿ ಬಂದಳು. ಹಿಂದೆ ವಾಲಗದವರು ಏದುಸಿರು ಬಿಡುತ್ತಾ ಓಡಿ ಬಂದರಂತೆ.

ಸಾತು ಅಲ್ಲಿಗೆ ನಿಲ್ಲಲಿಲ್ಲ. ಕಡಲಂಚಿನ ಬಂಡೆಗಳ ಮೇಲೆ ಇನ್ನೊಂದು ಗೆರೆ ಎಳೆದಳು, ಹದ್ದು ಗೂಡು ಕಟ್ಟುವ ತುದಿಗೆ ಮತ್ತೊಂದು. ಅದು ಯಾತಕ್ಕೆ, ಅಲ್ಲಿ ಯಾರ ಮನೆಯೂ ಇಲ್ಲವಲ್ಲ ಅಂದವರಿಗೆ, ಅಲ್ಲಿಂದ ಕಡಲು ಚೆಂದ ಕಾಣ್ತದೆ ಅಂದಳಂತೆ. ಕೂದಲು ಬೆಳ್ಳಗಾದ ಮೇಲೂ ಗಾಲಿ ಬಿಡಲಿಲ್ಲ. ಸೈಕಲ್ ಸಮೇತ ಮಂಜಿನಲ್ಲಿ ಮಾಯವಾದಳು ಅಂತಾರೆ. ಹಾಗಲ್ಲ. ತನ್ನ ಮನೆಯಲ್ಲಿ, ಮೊಮ್ಮಕ್ಕಳ ನಡುವೆ, ಉಂಡು ಮಲಗಿದವಳು ಏಳಲಿಲ್ಲ. ಎರಡೂ ಕೇರಿಯವರು ಹೆಗಲು ಕೊಟ್ಟರು.

ಈಗ ನಿಮ್ಮಂಥವರು ಎಲ್ಲೆಲ್ಲಿಂದಲೋ ಬರುತ್ತೀರಿ. ಹತ್ತು ಗೇರು, ಸ್ಪ್ರಿಂಗು, ತಲೆಗೆ ಹೆಲ್ಮೆಟ್ಟು. ಬನ್ನಿ, ಸಂತೋಷ. ಆದರೆ ನಮ್ಮ ಗುಡ್ಡಕ್ಕೊಂದು ಪದ್ಧತಿ ಇದೆ, ಹತ್ತುವ ಮೊದಲು ಕೇಳಿಕೊಳ್ಳಿ. ಏರಿನಲ್ಲಿ ಯಾರಾದರೂ ಹತ್ತಲಾರದೆ ಒದ್ದಾಡುತ್ತಿದ್ದರೆ, ಇಳಿದು ಬರುತ್ತಿರುವವರು ಎಷ್ಟೇ ಜೋರಿನಲ್ಲಿರಲಿ, ನಿಲ್ಲಿಸಬೇಕು. ಸೈಕಲ್ ಬದಿಗಿಟ್ಟು, ಹತ್ತುವವರ ಬೆನ್ನಿಗೆ ಕೈಕೊಟ್ಟು ಮುಂದಿನ ತಿರುವಿನ ತನಕ ತಳ್ಳಬೇಕು. ಪರಿಚಯ ಇರಲಿ, ಇಲ್ಲದಿರಲಿ. ಅದಕ್ಕೆ ನಾವು ಸಾತುವಿನ ಕೈ ಅಂತೇವೆ. ಜಗಳ ಆಡಿ ಮಾತು ಬಿಟ್ಟವರೂ ಇಲ್ಲಿ ಅದನ್ನ ತಪ್ಪಿಸುವ ಹಾಗಿಲ್ಲ. ತಳ್ಳಿಸಿಕೊಂಡವರು ತಿರುಗಿ ಥ್ಯಾಂಕ್ಸ್ ಹೇಳುವುದೂ ಬೇಡ, ಬ್ಯಾಲೆನ್ಸ್ ತಪ್ಪುತ್ತದೆ. ಸುಮ್ಮನೆ ಪೆಡಲ್ ತುಳಿಯಿರಿ.