ಸಾಲಿ ಬಾಗಲದ ತೊಲಿ ಮತ್ತ ಗೊರವಂಕವ್ವ

ಬರ್ರಿ, ಸನೇಕ ಕುಂಡರ್ರಿ. ಹೂಂ ಅಂತಿರಬೇಕು ಮತ್ತ. ನೀವು ಹೂಂ ಅನ್ನೋದು ನಿಂತರ ನನ್ನ ಕತಿನೂ ನಿಲ್ಲತೈತಿ.

ಒಂದು ಊರಾಗ ಒಂದು ಹಳೇ ಸಾಲಿ ಇತ್ತು. ಮಣ್ಣಿನ ಮಾಳಿಗಿ. ಕಲ್ಲಿನ ಗ್ವಾಡಿ. ಮುಂದ ತಗಡಿನ ಪಡಸಾಲಿ. ಬಾಗಲದ ಮ್ಯಾಲೊಂದು ಸಾಗವಾನಿ ತೊಲಿ. ತೊಲಿಯಾಗೊಂದು ಪೊಟರಿ. ಪೊಟರಿಯಾಗ ಗೊರವಂಕವ್ವ.

ಹಳದಿ ಕಾಲು, ಹಳದಿ ಚುಂಚು. ಆಕಿ ಹುಟ್ಟಿದ್ದು ಅದ ಪೊಟರಿಯಾಗ. ಆಕಿ ಅವ್ವ ಹುಟ್ಟಿದ್ದೂ ಅದ ಪೊಟರಿಯಾಗ. ಕೆಳಗ ಹುಡುಗೂರು ಮಗ್ಗಿ ಹೇಳತಿದ್ವು. ಮ್ಯಾಲ ಗೊರವಂಕವ್ವನೂ ಹೇಳತಿದ್ಳು.

"ಎರಡೊಂದ್ಲೆ ಎರಡು. ಎರಡೆರಡ್ಲೆ ನಾಕು. ಎರಡು ಮೂರ್ಲೆ ಏಳು."

ನಗಬ್ಯಾಡ್ರಿ. ಆಕಿ ಅವ್ವನೂ ಹಂಗ ಹೇಳತಿದ್ಳು. ಎಂದೋ ಒಬ್ಬ ಹುಡುಗ ತಪ್ಪಿ ಏಳು ಅಂದಿದ್ದ, ಆಕಿ ಅಜ್ಜಿ ಅದನ್ನ ಕಲತುಬಿಟ್ಟಿದ್ಳು. ಭಾಳ ಚಂದ ಇದ್ದುವು ಆ ದಿನ. ಈಗ ನೆನಸಿದರೂ ಜೀವ ಹಗುರ ಆಗತೈತಿ.

ಆಮ್ಯಾಲ ಊರವರು ಹೊಸ ಸಾಲಿ ಕಟ್ಟೂನು ಅಂದರು. ಒಂದು ಮುಂಜಾನಿ ಗೊರವಂಕವ್ವ ಹುಳ ಹುಡುಕಾಕ ಹೋಗಿದ್ಳು. ಜೆಸಿಬಿ ಬಂತು. ಮುಂದಿನ ಗ್ವಾಡಿ ನೂಕಿತು. ಮೊದಲ ತೊಲಿ ಬಿತ್ತು. ತೊಲಿ ಮ್ಯಾಲ ಕಲ್ಲು ಬಿದ್ದುವು. ಕಲ್ಲಿನ ಮ್ಯಾಲ ತಗಡು ಬಿತ್ತು. ತಗಡಿನ ಮ್ಯಾಲ ಮಾಳಿಗಿ ಮಣ್ಣು ಬಿತ್ತು.

ಗೊರವಂಕವ್ವ ತಿರುಗಿ ಬಂದು ನೋಡತಾಳ, ಸಾಲಿ ಇಲ್ಲ. ಒಂದು ಗುಡ್ಡಿ ಐತಿ. ಹೊತ್ತು ಮುಳುಗೂದರಾಗ ಲಾರಿ ಬರತೈತಿ, ಗುಡ್ಡಿನೆಲ್ಲ ಒಯ್ದು ಹಾಳಬಾವಿಗೆ ಸುರುವತೈತಿ ಅಂತ ಮಂದಿ ಮಾತಾಡಿದರು. ಆಕಿಗೋ ತತ್ತಿ ಇಡೋ ದಿನ ಬಂದಿತ್ತು.

ಗೊರವಂಕವ್ವ ಬಡಿಗ್ಯಾರ ಮೌನೇಶಪ್ಪನ ಕಡೆ ಹಾರಿದ್ಳು. ಅಂವ ಕಟಗಿ ಹೆರಿಯಾಕ ಹತ್ತಿದ್ದ.

"ಮೌನೇಶಪ್ಪ, ಮೌನೇಶಪ್ಪ,
ನನ್ನ ಪೊಟರಿ ನನಗಿಲ್ಲ.
ತತ್ತಿ ಎಲ್ಲಿ ಇಡಲಿ?
ತೊಲಿ ಎತ್ತಿಕೊಡೋ ನಮ್ಮಪ್ಪ."

ಮೌನೇಶಪ್ಪ ಅಂದ, "ಎತ್ತತಿದ್ನವ್ವ. ಅದರ ಮ್ಯಾಲ ಕಸ ಕುಂತೈತಿ. ಕಸ ತೆಗಿಯೋದು ಬಡಿಗ್ಯಾನ ಕೆಲಸಲ್ಲ. ಗ್ವಾಡಿ ಕಟ್ಟೋ ದುರಗಪ್ಪನ್ನ ಕೇಳು."

ಕಸ ಅಂದರ ಕಸ. ಆಕಿಗೇನು ಗೊತ್ತು. ದುರಗಪ್ಪನ ಕಡೆ ಹಾರಿದ್ಳು.

"ದುರಗಪ್ಪ, ದುರಗಪ್ಪ,
ಮೌನೇಶಪ್ಪ ತೊಲಿ ಎತ್ತವಲ್ಲ.
ನನ್ನ ಪೊಟರಿ ನನಗಿಲ್ಲ.
ತತ್ತಿ ಎಲ್ಲಿ ಇಡಲಿ?
ಕಸ ತೆಗದುಕೊಡೋ ನಮ್ಮಪ್ಪ."

ದುರಗಪ್ಪ ಮೀಸಿ ತಿರುವಿದ. "ಕಸಾ? ನಾನು ಕಸ ಬಳಿಯಾಂವೇನು? ಅದರ ಮ್ಯಾಲ ಮತ್ತ ರದ್ದಿ ಬ್ಯಾರೆ ಬಿದ್ದೈತಿ. ಟ್ರಂಕ್ ಮಾಡೋ ದಾವಲಸಾಬನ್ನ ಕೇಳು."

ದಾವಲಸಾಬ ಡಬ್ಬಿಗೆ ತಳ ಬಡಿಯಾಕ ಹತ್ತಿದ್ದ. ಟಣ್ ಟಣ್, ಟಣ್ ಟಣ್.

"ದಾವಲಸಾಬ, ದಾವಲಸಾಬ,
ದುರಗಪ್ಪ ಕಸ ತೆಗಿಯವಲ್ಲ.
ಮೌನೇಶಪ್ಪ ತೊಲಿ ಎತ್ತವಲ್ಲ.
ನನ್ನ ಪೊಟರಿ ನನಗಿಲ್ಲ.
ತತ್ತಿ ಎಲ್ಲಿ ಇಡಲಿ?
ರದ್ದಿ ತೆಗದುಕೊಡೋ ನಮ್ಮಪ್ಪ."

"ರದ್ದಿ ತಗೊಂಡು ನಾನೇನು ಮಾಡಲಿ ತಂಗಿ? ಅದರ ಮ್ಯಾಲ ಕಚರಾ ಐತಿ. ಕೈ ಹೊಲಸಾಗತೈತಿ. ಬಂಡಿ ಇದ್ದಾಕಿ ಫಕೀರವ್ವ, ಆಕಿನ್ನ ಕೇಳು" ಅಂದ. ಮತ್ತ ಟಣ್ ಟಣ್.

ಫಕೀರವ್ವಗ ಮೆಣಸಿನಕಾಯಿ ಹೊಲ ಇತ್ತು, ಒಂದು ಜೋಡು ಎತ್ತು ಇದ್ದುವು, ಉದ್ದನ್ನ ನಾಲಿಗಿ ಇತ್ತು.

"ಫಕೀರವ್ವ, ಫಕೀರವ್ವ,
ದಾವಲಸಾಬ ರದ್ದಿ ತೆಗಿಯವಲ್ಲ.
ದುರಗಪ್ಪ ಕಸ ತೆಗಿಯವಲ್ಲ.
ಮೌನೇಶಪ್ಪ ತೊಲಿ ಎತ್ತವಲ್ಲ.
ನನ್ನ ಪೊಟರಿ ನನಗಿಲ್ಲ.
ತತ್ತಿ ಎಲ್ಲಿ ಇಡಲಿ?
ಕಚರಾ ಹೇರಿಕೊಂಡು ಹೋಗವ್ವ."

"ಕಚರಾ ಒಯ್ದು ನನ್ನ ಹೊಲಕ್ಕ ಹಾಕಲೇನು? ಚಲೋ ಹೇಳ್ತಿ ಬಿಡು. ನನ್ನ ಎತ್ತೂ ನಗತಾವ. ಅದನ್ನ ಬಾವಿಗೆ ಹಾಕ್ರಿ ಅಂದಾಂವ ಅಂದಾನಗೌಡ. ಊರಿಗೆ ಹಿರೇಮನಷಾ ಅಂವ. ಅಂವನ್ನ ಕೇಳು."

ಬಿಸಲು ಇಳದಿತ್ತು. ಗೊರವಂಕವ್ವನ ರೆಕ್ಕಿ ಸೋತಿದ್ದುವು. ಆದರೂ ಹಾರಿದ್ಳು. ಅಂದಾನಗೌಡ ಕಟ್ಟಿ ಮ್ಯಾಲ ಕುಂತು ಬಸಿಯಾಗ ಚಹಾ ಸುರುವಿಕೊಂಡು ಕುಡಿಯಾಕ ಹತ್ತಿದ್ದ.

"ಗೌಡಪ್ಪ, ಗೌಡಪ್ಪ,
ಫಕೀರವ್ವ ಕಚರಾ ಹೇರವಲ್ಲಳು.
ದಾವಲಸಾಬ ರದ್ದಿ ತೆಗಿಯವಲ್ಲ.
ದುರಗಪ್ಪ ಕಸ ತೆಗಿಯವಲ್ಲ.
ಮೌನೇಶಪ್ಪ ತೊಲಿ ಎತ್ತವಲ್ಲ.
ನನ್ನ ಪೊಟರಿ ನನಗಿಲ್ಲ.
ತತ್ತಿ ಎಲ್ಲಿ ಇಡಲಿ?
ಲಾರಿ ಬ್ಯಾಡ ಅನ್ನೋ ನಮ್ಮಪ್ಪ."

ಗೌಡ ಅಂದ, "ಹಾಳುಮೂಳಿಗೆಲ್ಲ ಅಳಬಾರದವ್ವ. ಲಾರಿ ಆಗಲೇ ಹೊಂಟೈತಿ."

ಇನ್ನ ಯಾರನ್ನ ಕೇಳಬೇಕು? ಕೇಳಾಕ ಯಾರೂ ಉಳಿದಿಲ್ಲ. ಗೊರವಂಕವ್ವ ಗೌಡನ ಬಾಗಲಕ್ಕ ಕುಂತುಬಿಟ್ಟಳು. ದುಃಖ ಬಂದರ ಆಕಿ ಅಳತಿದ್ದಿಲ್ಲ, ಮಗ್ಗಿ ಹೇಳತಿದ್ಳು. ಅವತ್ತು ಮಗ್ಗಿನೂ ಬರಲಿಲ್ಲ. ಬರೇ ಸಾಲಿ ನೆನಪಾತು. ಮ್ಯಾಲಿಂದ ಕೆಳಗ, ಒಂದೊಂದ ನೆನಪಾತು. ಅದನ್ನ ಮಗ್ಗಿ ಮಾಡಿ ಹೇಳಿದ್ಳು.

"ಮ್ಯಾಲ ಮಾಳಿಗಿ ಮಣ್ಣು. ಮಕ್ಕಳನ್ನ ತಂಪಾಗಿ ಇಟ್ಟ ಮಣ್ಣು.
ಅದರ ಕೆಳಗ ಪಡಸಾಲಿ ತಗಡು. ಆಣಿಕಲ್ಲು ಬಿದ್ದರ ಕುಣದ ತಗಡು.
ಅದರ ಕೆಳಗ ಗ್ವಾಡಿ ಕಲ್ಲು. ಹುಡುಗೂರು ಬಳಪ ಮಸದ ಕಲ್ಲು.
ಅದರ ಕೆಳಗ ಬಾಗಲದ ತೊಲಿ. ನಮ್ಮವ್ವ ನನ್ನ ಹೆತ್ತ ತೊಲಿ."

ಗೌಡನ ಬಸಿ ಬಾಯಿ ಹಂತೇಕ ನಿಂತಬಿಡ್ತು.

"ಬಳಪ ಮಸದ ಕಲ್ಲು? ಬಾಗಲದ ಎಡಕ್ಕಿತ್ತಲ್ಲ, ಅದ?"

"ಅದ."

"ನಡುವ ತಗ್ಗು ಬಿದ್ದಿತ್ತು. ನಾನೂ ಅಲ್ಲೇ ಮಸೀತಿದ್ದೆ. ಬ್ಯಾಸಗಿಯಾಗೂ ತಣ್ಣಗ ಇರತಿತ್ತು ಆ ಕಲ್ಲು." ಗೌಡ ಹೆಬ್ಬಟ್ಟು ಬೆರಳಿಗೆ ತಿಕ್ಕಿ ನೋಡಿಕೊಂಡ. ಕಣ್ಣಾಗ ನೀರು ಬಂದುವು. "ಅದಕ್ಕ ಹಾಳುಮೂಳು ಅಂದಾರ್ಯಾರು?"

"ನೀನ ಅಂದೆಪ್ಪ, ಈಗ."

ಗೌಡ ಬಸಿ ಕೆಳಗಿಟ್ಟು ಎದ್ದ. ಕೆರವು ಮೆಟ್ಟೋದೂ ಮರತ. ಬರಿಗಾಲಿಲೆ ಫಕೀರವ್ವನ ಮನಿಗೆ ಹೋದ. ಗೊರವಂಕವ್ವ ಅವನ ರುಮಾಲಿನ ಮ್ಯಾಲ ಕುಂತು ಹೋದ್ಳು.

"ಫಕೀರವ್ವ, ಅದು ಕಚರಾ ಅಲ್ಲ. ಮಾಳಿಗಿ ಮಣ್ಣು" ಅಂದ ಗೌಡ.

"ಹಳೇ ಮಾಳಿಗಿ ಮಣ್ಣು? ಮೆಣಸಿನ ಗಿಡಕ್ಕ ಅದಕ್ಕಿಂತ ಗೊಬ್ಬರ ಯಾವುದೈತಿ? ಬಾಯಿ ಬಿಟ್ಟು ಹೆಸರು ಹೇಳಬಾರದೇನು ಮೊದಲ?" ಫಕೀರವ್ವ ಬಂಡಿ ಹೂಡಿದ್ಳು. ಮಣ್ಣು ಹೇರಿದ್ಳು. ಮಣ್ಣಿನ ಕೆಳಗ ತಗಡು ಕಂಡಿತು.

"ದಾವಲಸಾಬ, ಅದು ರದ್ದಿ ಅಲ್ಲ. ಪಡಸಾಲಿ ತಗಡು."

"ತಗಡು ಅನ್ರಿ ಮತ್ತ. ಟ್ರಂಕ್ ಆಗತೈತಿ, ಬಕೀಟು ಆಗತೈತಿ." ದಾವಲಸಾಬ ತಗಡು ಎತ್ತಿದ. ತಗಡಿನ ಕೆಳಗ ಕಲ್ಲು ಕಂಡುವು.

"ದುರಗಪ್ಪ, ಅದು ಕಸ ಅಲ್ಲ. ಗ್ವಾಡಿ ಕಲ್ಲು."

"ಗ್ವಾಡಿ ಕಲ್ಲು? ನಮ್ಮಪ್ಪನ ಕೈಯಾಗಿನ ಕಲ್ಲು ಅವು. ಹೊಸ ಸಾಲಿಗೆ ನಾ ಕೂಡಸತೀನಿ." ದುರಗಪ್ಪ ಮೀಸಿ ಬಿಟ್ಟ, ಕಲ್ಲು ಹಿಡದ. ಕಲ್ಲಿನ ಕೆಳಗ ತೊಲಿ ಕಂಡಿತು.

"ಮೌನೇಶಪ್ಪ, ಇನ್ನೇನು ಅಡ್ಡ ಐತಿ?"

"ಏನೂ ಇಲ್ಲ" ಅಂದ ಮೌನೇಶಪ್ಪ. ತೊಲಿಗೆ ಹೆಗಲು ಕೊಟ್ಟ.

ಫಕೀರವ್ವ ಮಣ್ಣು ಒಯ್ದಳು.
ದಾವಲಸಾಬ ತಗಡು ಒಯ್ದ.
ದುರಗಪ್ಪ ಕಲ್ಲು ಒಯ್ದ.
ಮೌನೇಶಪ್ಪ ತೊಲಿ ಎತ್ತಿದ.
ಗೊರವಂಕವ್ವಗ ಪೊಟರಿ ಸಿಕ್ಕಿತು.

ಅಷ್ಟೊತ್ತಿಗೆ ಲಾರಿ ಬಂತು. ಡ್ರೈವರ್ ಇಳದು ಆ ಕಡೆ ನೋಡಿದ, ಈ ಕಡೆ ನೋಡಿದ. "ಕಸ ಎಲ್ಲೈತ್ರಿ?" ಅಂದ.

"ಕಸ ಇದ್ದರ ನಾವೂ ನೋಡತಿದ್ವಿ" ಅಂದ್ಳು ಫಕೀರವ್ವ. ಲಾರಿ ಖಾಲಿ ಹೋತು.

ಮೌನೇಶಪ್ಪ ತನ್ನ ಅಂಗಳದಾಗ ಎರಡು ಕಂಬ ನಿಲ್ಲಿಸಿ ತೊಲಿ ಏರಿಸಿಟ್ಟ. ಆ ರಾತ್ರಿ ಗೊರವಂಕವ್ವ ಪೊಟರಿಯಾಗ ತತ್ತಿ ಇಟ್ಟಳು, ನೀಲಿ ನೀಲಿ ತತ್ತಿ. ಮರಿ ಆಗಿ ಹಾರೂತನಕ ಮೌನೇಶಪ್ಪ ಆ ತೊಲಿಗೆ ಉಳಿ ಮುಟ್ಟಿಸಲಿಲ್ಲ. ಆಮ್ಯಾಲ ಅದು ಹೊಸ ಸಾಲಿ ಬಾಗಲಕ್ಕ ಏರಿತು. ಬಳಪ ಮಸಿಯೋ ಕಲ್ಲು ಎಡಕ್ಕ ಕುಂತಿತು, ಮೊದಲಿನಂಗ.

ಅವತ್ತಿಂದ ಆ ಊರಾಗೊಂದು ಪದ್ಧತಿ. ಮನಿ ಬಿಚ್ಚೋ ಮೊದಲ ಊರವರೆಲ್ಲ ಬಂದು ಮುಂದ ನಿಂದರತಾರ. ಮಣ್ಣಿಗೆ ಮಣ್ಣು ಅಂತಾರ, ತಗಡಿಗೆ ತಗಡು, ಕಲ್ಲಿಗೆ ಕಲ್ಲು, ತೊಲಿಗೆ ತೊಲಿ. ಎಲ್ಲಾರೂ ಒಂದ ಹೆಸರು ಹೇಳತಾರ. ಹೇಳಿದ ಮ್ಯಾಲನ ಗುದ್ದಲಿ ಮುಟ್ಟತಾರ.

ಸಂಜಿಕೆ ಅಂದಾನಗೌಡ ಸಾಲಿ ಮುಂದ ಹಾಯ್ತಾನ. ಪೊಟರಿಯಾಗಿನ ಹೊಸ ಮರಿಗಳು ಮಗ್ಗಿ ಹೇಳತಿರತಾವ.

"ಎರಡೊಂದ್ಲೆ ಎರಡು. ಎರಡೆರಡ್ಲೆ ನಾಕು. ಎರಡು ಮೂರ್ಲೆ ಏಳು."

ಗೌಡ ನಿಂತು ಕೇಳತಾನ, ನಗತಾನ, ತಿದ್ದಂಗಿಲ್ಲ. ಹಳೇ ಸಾಲಿಯಾಗ ಮೊದಲ ಏಳು ಅಂದ ಹುಡುಗ ಅಂವನೇ.