ಹುಲ್ಲು ತುಂಬಿದ ಕರು

ಆಶ್ರಮದ ಶಿಷ್ಯ ಮರಿಸಿದ್ಧ ಕರುವನ್ನು ಕೊಂದ. ಕತ್ತಿಯಿಂದಲ್ಲ, ಹಗ್ಗದಿಂದ. ತಾಯಿಯ ಕೆಚ್ಚಲು ಎಟುಕದಷ್ಟು ದೂರ ಅದನ್ನು ಕಟ್ಟಿ, ಹಾಲೆಲ್ಲ ಹಿಂಡಿ ಆಶ್ರಮದ ಅಡುಗೆಮನೆಗೆ ಸಾಗಿಸಿದ. ಕರು ಬಡಕಲಾಗಿ ಸತ್ತಿತು.

ಆಮೇಲೆ ಹಸು ಹಾಲು ಇಳಿಸಲಿಲ್ಲ. ಹಿಂಡಲು ಹೋದವರನ್ನು ಒದ್ದಿತು. ಮರಿಸಿದ್ಧ ಕರುವಿನ ತೊಗಲು ಸುಲಿಸಿ, ಹುಲ್ಲು ತುಂಬಿಸಿ, ಹೊಲಿಸಿ ಅದರ ಮುಂದೆ ನಿಲ್ಲಿಸಿದ. ಹಸು ತೊಗಲನ್ನು ನೆಕ್ಕಿತು. ಹಾಲು ಇಳಿಯಿತು.

ಅಂದು ಆಶ್ರಮದ ಖರ್ಚು ನೋಡಿಕೊಳ್ಳುವ ಸಾಹುಕಾರ ಚೆನ್ನಬಸವಯ್ಯನ ಹೆಸರಿನಲ್ಲಿ ದಾಸೋಹ. ಸಾಹುಕಾರ ಮೆಚ್ಚಿದರೆ ಮುಂದೆ ಆಶ್ರಮವೇ ಮರಿಸಿದ್ಧನ ಕೈಗೆ ಎಂದು ಊರು ಆಡಿಕೊಳ್ಳುತ್ತಿತ್ತು.

ಹೊಳೆದಂಡೆಯ ಚಪ್ಪರದಲ್ಲಿ ಪಂಕ್ತಿ ಕುಳಿತಿತು. ಪಾಲಿಶ್ ಅಕ್ಕಿಯ ಬಿಳಿ ಅನ್ನ, ಬಟ್ಟಲು ತುಂಬ ಹಾಲುಪಾಯಸ.

ಆಶ್ರಮದ ಗುರು ಎಲೆ ಮುಟ್ಟಲಿಲ್ಲ. “ಅಕ್ಕಿಯ ತೌಡು ಎಲ್ಲೋ?”

“ಹಸುವಿಗೆ ಹಾಕಿದೆ, ಬುದ್ಧಿ,” ಎಂದ ಮರಿಸಿದ್ಧ.

“ಹಸುವಿನ ಹಾಲು?”

“ಪಾಯಸಕ್ಕೆ.”

“ಅಕ್ಕಿಯದನ್ನು ಕಿತ್ತು ಹಸುವಿಗೆ, ಹಸುವಿನದನ್ನು ಕಿತ್ತು ನಿನಗೆ. ಭೂಮಿ ಕೊಟ್ಟದ್ದನ್ನು ಕೊಟ್ಟ ಹಾಗೇ ತಿನ್ನೋಕೆ ನಿನ್ನ ಹಲ್ಲಿಗೇನು ಬಂತು?”

ಪಂಕ್ತಿಯಲ್ಲಿ ಯಾರೋ ಕಿಸಕ್ಕೆಂದರು. ಗುರು ನಗಲಿಲ್ಲ. ಪಾಯಸದ ಬಟ್ಟಲು ಹಿಡಿದು ಎದ್ದು, ಪಕ್ಕದ ಕೊಟ್ಟಿಗೆಗೆ ನಡೆದರು. ಮರಿಸಿದ್ಧ ಹಿಂದೆ ಓಡಿದ.

“ಅವರು ಬರೋದು ತಡ ಆಗುತ್ತೆ. ನೀವು ಎತ್ತಿಕೊಳ್ಳಿ,” ಎಂದ ಸಾಹುಕಾರ. ಜನ ಬಟ್ಟಲು ಎತ್ತಿದರು.

ಗುರು ಹುಲ್ಲಿನ ಕರುವಿನ ಬಾಯಿಗೆ ಪಾಯಸ ಹಿಡಿದರು. “ಕುಡಿಯಪ್ಪ. ನಿನ್ನದೇ.”

“ಬುದ್ಧಿ, ಅದು ಸತ್ತಿದೆ.”

“ನಿನಗೆ ಗೊತ್ತು. ಇದರ ತಾಯಿಗೆ ಗೊತ್ತೇ?”

ಮರಿಸಿದ್ಧ ಹಸುವಿನ ಕಡೆ ನೋಡಿದ.

“ಹೇಳು ಅವಳಿಗೆ.”

“ಹೇಗೆ ಹೇಳಲಿ? ತಾತನ ಕಾಲದಿಂದ ಹೀಗೇ ಮಾಡ್ತಾ ಬಂದಿದೀವಿ. ಅದಕ್ಕೂ ಸಮಾಧಾನ, ನಮಗೂ ಹಾಲು.”

“ತೊಗಲು ತೆಗೆ.”

“ಇವತ್ತೊಂದು ದಿನ ಬಿಡಿ, ಬುದ್ಧಿ. ಸಾಹುಕಾರರ ಮುಂದೆ ನನ್ನ ಮಾನ...”

“ತೆಗೆ.”

ಮರಿಸಿದ್ಧ ತೊಗಲಿನ ಕರುವನ್ನು ಎತ್ತಿಕೊಂಡ. ಹಸು ಕುತ್ತಿಗೆ ಚಾಚಿತು. ನಾಲಿಗೆಗೆ ಏನೂ ಸಿಗಲಿಲ್ಲ. ಹಗ್ಗ ಜಗ್ಗಿತು. ಆಮೇಲೆ ಕೂಗಿತು.

ಚಪ್ಪರದಲ್ಲಿ ಮಾತು ನಿಂತಿತು. ಹಸು ಮತ್ತೆ ಕೂಗಿತು.

ಕರುವನ್ನು ಎದೆಗವಚಿಕೊಂಡೇ ಮರಿಸಿದ್ಧ ಪಂಕ್ತಿಯ ಮುಂದೆ ಬಂದ. “ಈ ಪಾಯಸ ಇದರ ಪಾಲಿನದು. ನಾನು ಕದ್ದೆ. ರಾಗಿ ಇದೆ, ಹುರುಳಿ ಇದೆ, ಸೊಪ್ಪಿದೆ. ಬೇಯಿಸಿ ಬಡಿಸ್ತೀನಿ. ಸ್ವಲ್ಪ ತಡೀರಿ.”

“ನನ್ನ ಹೆಸರಿನ ಊಟಕ್ಕೆ ಮುದ್ದೆ ಹುರುಳಿಯೇನೋ?” ಸಾಹುಕಾರ ಗುಡುಗಿದ. “ಒಲೆ ಹಚ್ಚಿದೆಯೋ, ಈ ಆಶ್ರಮದ ಆಸೆ ಬಿಟ್ಟುಬಿಡು.”

ಮರಿಸಿದ್ಧ ಕರುವನ್ನು ಮೆಲ್ಲಗೆ ನೆಲಕ್ಕಿಟ್ಟು, ಹೋಗಿ ಒಲೆ ಹಚ್ಚಿದ.

ಜನ ಸಾಹುಕಾರನನ್ನು ನೋಡಿದರು, ಕೊಟ್ಟಿಗೆಯಿಂದ ಬಂದು ನಿಂತಿದ್ದ ಗುರುವನ್ನು ನೋಡಿದರು. ಬಟ್ಟಲುಗಳು ಬಾಯಿಯ ಹತ್ತಿರವೇ ಇದ್ದವು.

ಗುರು ಹೇಳಿದರು: “ನನ್ನ ಮುಖ ಯಾಕೆ ನೋಡ್ತೀರಿ? ಕೂಗು ನಿಮಗೂ ಕೇಳಿಸಿತು. ಕೈಯಲ್ಲಿರೋದನ್ನು ಕೆಳಗಿಡಿ.”